ಇಲ್ಲದ ಸುಳಿ

ಕುದುರೆ ಸಿಗದಿರಲಿ ಎಂದು ಮಾದಪ್ಪನಿಗೆ ಹರಕೆ ಹೊತ್ತುಕೊಂಡೇ ನಾನು ಕುದುರೆ ಹುಡುಕಲು ಹೊರಟವಳು. ಇದನ್ನು ಆಗ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆಂಗಸಿನ ಮರ್ಯಾದೆ ಏನಾಗಬೇಕು?

ಕುದುರೆ ಬೇಕಾಗಿದ್ದದ್ದು ನನ್ನ ಮಗಳಿಗೆ. ಹದಿನಾರು ವರ್ಷದವಳು. ಚಾಮರಾಜನಗರದಿಂದ ಪ್ರತಿ ಭಾನುವಾರ ಮೈಸೂರಿಗೆ ಹೋಗಿ ನಾಲ್ಕು ವರ್ಷ ಸವಾರಿ ಕಲಿತಿದ್ದಳು. ಭರತನಾಟ್ಯವನ್ನು ಎರಡು ತಿಂಗಳಿಗೆ, ಕರಾಟೆಯನ್ನು ಒಂದೇ ತಿಂಗಳಿಗೆ ಬಿಟ್ಟವಳು ಇದನ್ನೂ ಬಿಡುತ್ತಾಳೆ ಅಂದುಕೊಂಡೇ ಸೇರಿಸಿದ್ದೆ. ಬಿಡಲಿಲ್ಲ. ಎರಡನೇ ವರ್ಷ ನನ್ನ ಕಣ್ಣೆದುರೇ ಕುದುರೆಯಿಂದ ಬಿದ್ದಳು. ಬಿದ್ದವಳು ಅಲುಗಾಡಲಿಲ್ಲ. ನಾನು ಬೇಲಿಯ ಈಚೆ ಕಂಬ ಹಿಡಿದು ನಿಂತೆ, ಕಾಲು ಎತ್ತಿಡಲೂ ಆಗಲಿಲ್ಲ. ಆಮೇಲೆ ಅವಳೇ ಎದ್ದು ಕೂತು, ಬಾಯೊಳಗಿನ ಮಣ್ಣು ಉಗಿದು ನಕ್ಕಳು. ಬಸ್ಸು ಹತ್ತುವಷ್ಟರಲ್ಲಿ ಅವಳು ಅದನ್ನು ಮರೆತೇಬಿಟ್ಟಂತಿದ್ದಳು. ನಾನು ಮಾತ್ರ ಇವತ್ತಿಗೂ ಬೆಳಗಿನ ಜಾವ ಎಚ್ಚರವಾದರೆ ಅವಳ ಕೋಣೆಗೆ ಹೋಗಿ ಉಸಿರಾಡುತ್ತಿದ್ದಾಳೋ ಇಲ್ಲವೋ ನೋಡಿ ಬರುತ್ತೇನೆ.

ಮೈಸೂರಿನಲ್ಲಿ ಸವಾರಿ ಕಲಿಸುತ್ತಿದ್ದವರು ಊರು ಬಿಟ್ಟು ಹೋದರು. ಇನ್ನು ಸ್ವಂತ ಕುದುರೆ, ಇಲ್ಲವೇ ಸವಾರಿಗೆ ದೊಡ್ಡ ನಮಸ್ಕಾರ. ನಾನು ನೇರವಾಗಿ ಬೇಡ ಅನ್ನಬಹುದಿತ್ತು. ಆದರೆ ಯಾಕೆ ಎಂದು ಕೇಳುತ್ತಾಳೆ, ಕೇಳಿದರೆ ನನ್ನ ಪುಕ್ಕಲುತನ ಹೊರಬೀಳುತ್ತದೆ. ಅದಕ್ಕೇ "ಒಳ್ಳೆ ಕುದುರೆ ಸಿಕ್ಕಿದರೆ ನೋಡೋಣ" ಎಂದೆ. ಒಳ್ಳೆಯದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ ಅನ್ನುವುದೇ ನನ್ನ ಧೈರ್ಯ. ನಮ್ಮ ಯಜಮಾನರು "ಅಪ್ಪನನ್ನು ಕರಕೊಂಡು ಹೋಗಿ" ಎಂದು ಕೈ ತೊಳೆದುಕೊಂಡರು.

ನನ್ನ ಮಾವ ಇರುವುದು ಹರವೆಯಲ್ಲಿ. ಎತ್ತಿನ ವಿಷಯದಲ್ಲಿ ಸುತ್ತಲ ಊರುಗಳಿಗೆ ಅವರ ಮಾತೇ ಕೊನೆಯ ಮಾತು. ಮೈಮೇಲೆ ಕೂದಲು ಸುತ್ತಿಕೊಂಡಿರುತ್ತದಲ್ಲ, ಆ ಸುಳಿ ಎಲ್ಲಿದೆ, ಎತ್ತ ತಿರುಗಿದೆ ನೋಡಿ, ಈ ಎತ್ತು ಈ ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುತ್ತಾರೆ. ಕುದೇರಿನಿಂದ ಬೇಗೂರಿನವರೆಗೆ ಜನ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ಆಡಿಕೊಂಡು ನಗುತ್ತಿದ್ದೆ, ಮಗಳಿಗೂ ನಗಲು ಕಲಿಸಿದ್ದೆ. ಈಗ ಟ್ರ್ಯಾಕ್ಟರ್ ಬಂದು ಅವರದೇ ಕೊಟ್ಟಿಗೆ ಖಾಲಿ ಬಿದ್ದಿದೆ. ಕುದುರೆಯಾದರೂ ಬರಲಿ ಎಂದು ಅವರಿಗೆ ಆಸೆ. "ಕುದ್ರೆಗೂ ನಾಕೇ ಕಾಲಲ್ವಾ, ನಡಿ ಓಗನ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

ನಮ್ಮ ಕಡೆ ಕುದುರೆಗೆಂದು ಸಂತೆ ಇಲ್ಲ. ಇರುವುದೆಲ್ಲ ಫೋನಿನಲ್ಲಿ. ದಲ್ಲಾಳಿಗಳು ವಿಡಿಯೋ ಕಳಿಸುತ್ತಾರೆ; ಹಿನ್ನೆಲೆಗೆ ಕೊಳಲು, ಕುದುರೆ ಮೇಲೆ ಒಂದು ಪುಟ್ಟ ಮಗು. ವಿಡಿಯೋದಲ್ಲಿ ಎಲ್ಲ ಕುದುರೆಗೂ ಏಳೇ ವರ್ಷ, ಎಲ್ಲವೂ ಹಸುವಿಗಿಂತ ಸಾಧು. ಹೋಗಿ ನೋಡಿದರೆ ಒಂದು ಕುಂಟು, ಇನ್ನೊಂದಕ್ಕೆ ಹಲ್ಲೇ ಇಲ್ಲ, ಮತ್ತೊಂದು ಆ ಊರಿಗೇ ಬಂದಿಲ್ಲ. ಪ್ರತಿ ಸಲ ಬರಿಗೈಯಲ್ಲಿ ವಾಪಸ್ಸು ಬರುವಾಗ ಮಗಳು ಕಿಟಕಿಗೆ ಹಣೆ ಒತ್ತಿ ಕೂರುತ್ತಿದ್ದಳು. ನಾನು ಮುಖ ಸಪ್ಪೆ ಮಾಡಿಕೊಂಡು ಒಳಗೊಳಗೇ ಹಾಯಾಗಿರುತ್ತಿದ್ದೆ.

ಆಮೇಲೆ ಗುಂಡ್ಲುಪೇಟೆಯಿಂದಾಚೆ ಊಟಿ ರಸ್ತೆಯ ಒಂದು ತೋಟದಲ್ಲಿ ಬಿಳಿ ಕುದುರೆ ನೋಡಲು ಹೋದೆವು. ಪ್ರವಾಸಿಗರನ್ನು ಹೊತ್ತು ಪಳಗಿದ್ದು, ಬಲು ಸಾಧು ಎಂದರು. ತಲೆ ತಗ್ಗಿಸಿ ನಿಂತಿತ್ತು. ಎತ್ತು ಕೊಳ್ಳುವವರು ಹಿಂದಿನಿಂದ ಹೋಗಿ ಬಾಲದ ಬುಡ ಹಿಡಿದು ನೋಡುವುದು ನಮ್ಮಲ್ಲಿ ವಾಡಿಕೆ. ಮಾವನೂ ಸೀದಾ ಹಿಂದಕ್ಕೆ ಹೋದರು. "ತಾತಾ, ಹಿಂದೆ ಹೋಗಬೇಡಿ!" ಎಂದು ಮಗಳು ಕಿರುಚುವಷ್ಟರಲ್ಲಿ ಬಾಲ ಅವರ ಮುಷ್ಟಿಯಲ್ಲಿತ್ತು. ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ.

"ನೋಡಮ್ಮಿ, ನಮ್ ಕರಿ ಎತ್ಗಿಂತ್ಲೂ ಸಾಧು ಕಣ" ಎಂದು ಮಾವ ಬೀಗಿದರು. ಮಗಳು ಕುದುರೆಯ ಜೋತುಬಿದ್ದ ಕೆಳತುಟಿ ನೋಡಿ ಹತ್ತಿರ ಬಂದು, "ಅಮ್ಮಾ, ಇದಕ್ಕೇನೋ ಕೊಟ್ಟಿದ್ದಾರೆ" ಎಂದು ಪಿಸುಗುಟ್ಟಿದಳು. ಬೇಡವೆಂದು ಹೊರಟೆವು. ಆದರೆ ನಮ್ಮ ಕಾರಿನ ಟೈರು ಪಂಕ್ಚರ್ ಆಗಿ ಆ ತೋಟದ ಗೇಟಿನಲ್ಲೇ ಎರಡು ಗಂಟೆ ಕಳೆಯಬೇಕಾಯಿತು. ಮಂಪರು ಇಳಿಯುವುದಕ್ಕೆ ಅಷ್ಟು ಹೊತ್ತು ಸಾಕಾಗಿತ್ತೇನೋ, ಶೆಡ್ಡಿನೊಳಗಿಂದ ಧಡ್ ಎಂದು ಶಬ್ದ ಬಂತು. ಓಡಿ ಹೋಗಿ ನೋಡಿದರೆ ಅದೇ ಕುದುರೆ ಹಿಂಗಾಲು ಝಾಡಿಸುತ್ತಿದೆ, ಗೋಡೆಯ ಇಟ್ಟಿಗೆ ಎರಡು ಕಳಚಿ ಬಿದ್ದಿವೆ. ಮಾವ ಆ ಇಟ್ಟಿಗೆ ಬಿದ್ದ ಎತ್ತರವನ್ನೂ ತಮ್ಮ ಎದೆಯನ್ನೂ ಒಮ್ಮೆ ನೋಡಿಕೊಂಡರು. ಮನೆ ಹತ್ತಿರ ಬಂದಾಗ, "ಎತ್ತಾಗಿದ್ರೆ ನಂಗೆ ಗೊತ್ತಾಗ್ಬುಡೋದು ಕಣವ್ವ" ಎಂದರು. ಹೇಳುವಾಗ ಅವರ ಅಂಗೈ ಎದೆಯ ಮೇಲೇ ಇತ್ತು. ಎಪ್ಪತ್ತೆರಡು ವರ್ಷದ ಆ ಜೀವ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ, ನನಗಂತೂ ಎರಡು ದಿನ ಅನ್ನ ಸೇರಲಿಲ್ಲ.

ಅಷ್ಟಾದರೂ ಮಗಳು ಹುಡುಕುವುದು ಬಿಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಬೇಗೂರಿನ ಹತ್ತಿರ ಒಂದು ಹೆಣ್ಣು ಕುದುರೆ ಇದೆ ಎಂದಳು. ಅರವತ್ತರ ಆಸುಪಾಸಿನ ಒಬ್ಬಾತ, ರೆಸಾರ್ಟಿಗೆ ಬಂದವರನ್ನು ಕೂರಿಸಿ ಸುತ್ತಾಡಿಸುತ್ತಿದ್ದವನು, ಮಂಡಿ ಸವೆದು ನಡೆಯಲಾಗದೆ ಕೊಡುತ್ತಿದ್ದ. ಕಂದು ಬಣ್ಣದ, ಅಷ್ಟೇನೂ ಎತ್ತರವಿಲ್ಲದ ಕುದುರೆ. ಆತ ವಿಡಿಯೋ ತೋರಿಸಲಿಲ್ಲ, ಹೊಗಳಲಿಲ್ಲ. "ಟೀಚರಮ್ಮ, ಮೊದ್ಲೇ ಏಳ್ಬುಡ್ತೀನಿ. ಟಾರ್ಪಾಲು ಪಟಪಟ ಅಂದ್ರೆ ಇದ್ಕೆ ಆಗಲ್ಲ. ನೀರ್ ಕಂಡ್ರೆ ನಿಂತ್ಕತದೆ. ಬೆಳಿಗ್ಗೆ ಒಂದ್ ಮಾತ್ ಆಡುಸ್ದೆ ಜೀನು ಹಾಕುದ್ರೆ ಮುನುಸ್ಕತದೆ" ಎಂದ. ಇಷ್ಟು ಹೇಳುವಾಗ ಅವನ ಕೈ ತನ್ನಷ್ಟಕ್ಕೆ ಅದರ ಕತ್ತಿನ ಜೂಲಿನ ಗಂಟು ಬಿಡಿಸುತ್ತಿತ್ತು.

ಮಗಳು ತೆಂಗಿನ ಸಾಲಿನ ನಡುವೆ ಒಂದು ಗಂಟೆ ಓಡಾಡಿಸಿದಳು. ಒಮ್ಮೆ ಅವಳ ಪಾದ ಜೀನಿನಿಂದ ಜೋತ ರಿಕಾಪಿನಿಂದ ಜಾರಿತು. ನನ್ನ ಗಂಟಲಿಂದ ಕೂಗು ಹೊರಡುವ ಮೊದಲೇ ಕುದುರೆ ತಾನಾಗಿ ನಿಂತು, ಅವಳು ಸರಿಯಾಗಿ ಕೂರುವ ತನಕ ಕಾದಿತು. "ಅಮ್ಮಾ, ಇದೇ!" ಎಂದು ಅಲ್ಲಿಂದಲೇ ಕೂಗಿದಳು.

ಅಷ್ಟು ದಿನದಲ್ಲಿ ನನಗೆ ಅತಿ ಹೆಚ್ಚು ಭಯವಾದದ್ದು ಆ ಗಳಿಗೆಯಲ್ಲಿ. ಕೆಟ್ಟ ಕುದುರೆಗಳೆಲ್ಲ ನನ್ನ ಕಡೆಯವು, ಅವು ಇರುವ ತನಕ ನನಗೆ ನೆವವಿತ್ತು. ಈ ಒಳ್ಳೆಯ ಕುದುರೆ ಇನ್ನು ದಿನಾ ನನ್ನ ಮಗಳನ್ನು ನೆಲದಿಂದ ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ, ಯಾವುದೋ ಒಂದು ದಿನ ಎಲ್ಲೋ ಟಾರ್ಪಾಲು ಪಟಪಟ ಅನ್ನುತ್ತದೆ. ಮಾವನನ್ನು ಪಂಪ್‌ಹೌಸಿನ ಹಿಂದಕ್ಕೆ ಕರೆದೆ.

"ಸುಳಿ ಸರಿಯಿಲ್ಲ ಅಂದುಬಿಡಿ ಮಾವ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಇಲ್ಲದ್ದ ಇದೆ ಅಂತ ಇವತ್ತಿನ್ ಗಂಟ ಅಂದಿಲ್ಲ ಕಣವ್ವ ನಾನು."

"ಆ ಇಟ್ಟಿಗೆ ನೆನಪಿಲ್ವಾ ನಿಮಗೆ?" ಎಂದೆ. ಆಮೇಲೆ ನನಗೇ ಗೊತ್ತಿಲ್ಲದೆ ಅಳು ಬಂತು. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೋಗಿ ಕುದುರೆಯ ಕತ್ತು, ಎದೆ, ಪಕ್ಕೆ ಎಲ್ಲ ಸವರಿ, ಒಂದು ಕಡೆ ಬೆರಳು ನಿಲ್ಲಿಸಿ, "ಈ ಸುಳಿ ಆಗಲ್ಲ. ಮೇಲತ್ದೋರ್ಗೂ ಆಗಲ್ಲ, ಕಟ್ಕಂಡೋರ್ಗೂ ಆಗಲ್ಲ" ಎಂದರು.

ಕುದುರೆಯವನ ಮುಖ ಪೇಲವವಾಯಿತು. ಮಗಳು ಮಾವನನ್ನು ನೋಡಲೇ ಇಲ್ಲ, ನನ್ನನ್ನು ನೋಡಿದಳು. "ನೀನೂ ಇದನ್ನ ನಂಬ್ತೀಯಾ?"

"ದೊಡ್ಡವರು ಹೇಳಿದ ಮೇಲೆ ಮುಗೀತು" ಎಂದೆ. ಇಪ್ಪತ್ತು ವರ್ಷ ಬೋರ್ಡಿನ ಮುಂದೆ ನಿಂತು ಮಕ್ಕಳಿಗೆ ಪ್ರಶ್ನೆ ಕೇಳಿ ಎಂದು ಹೇಳಿಕೊಟ್ಟ ಬಾಯಿ ಅದು. ನಾಚಿಕೆಯಾಯಿತು, ಆದರೂ ಅವತ್ತಿನಿಂದ ಮೂರು ವಾರ ಚೆನ್ನಾಗಿ ನಿದ್ದೆ ಮಾಡಿದೆ.

ಒಂದು ಭಾನುವಾರ ನಾನೂ ಮಗಳೂ ಹರವೆಯಲ್ಲಿದ್ದೆವು. ಬೇಗೂರಿನ ಆ ಮನುಷ್ಯ ಕುಂಟಿಕೊಂಡು ಬಂದು ಜಗಲಿಯ ಕೆಳಗೆ ನಿಂತ. ಕುದುರೆ ಕೊಳ್ಳಿ ಎಂದು ಕೇಳಲು ಬಂದನೇನೋ ಎಂದು ಗಾಬರಿಯಾದೆ. ಅವನು ಬಂದದ್ದು ಅದಕ್ಕಲ್ಲ.

"ಯಜಮಾನ್ರೆ, ಇದ್ಕೆ ಪರಿಹಾರ ಏನಾರ ಅದಾ?" ಎಂದು ಮಾವನನ್ನು ಕೇಳಿದ. "ಆರ್ ವರ್ಸ ಅದ್ರ ಕತ್ತ ತಬ್ಕಂಡೇ ಬದುಕ್ದೋನು. ಈಗ ಹತ್ರುಕ್ಕೆ ಓಗಕ್ಕೆ ಕೈಕಾಲ್ ನಡುಗ್ತದೆ. ನೀರಿನ್ ಬಕೀಟ ಕೋಲಲ್ಲಿ ದೂರ್ದಿಂದ ತಳ್ತೀನಿ. ಮೊನ್ನೆ ನಮ್ಮೆಂಗಸು ಅಂಗ್ಳುದಲ್ಲಿ ಜಾರ್ ಬಿದ್ದು ಕೈ ಮುರ್ಕಂಡ್ಲು, ಎಲ್ಲಾ ಅದ್ರಿಂದ್ಲೇ ಅಂತಾಳೆ. ಅದು ಮಾತ್ರ ನನ್ ಕಂಡಾಗೆಲ್ಲ ಕೂಗ್ತದೆ ಯಜಮಾನ್ರೆ. ಯಾಕ್ ಬತ್ತಿಲ್ಲ ಅಂತ ಕೂಗ್ತದೆ."

ಮಾವ ತಲೆ ತಗ್ಗಿಸಿ ಕೂತರು. ಹೇಳಬೇಕಾದವಳು ನಾನು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನೊಳಗಿದ್ದ ಹೆದರಿಕೆಯನ್ನು ಎತ್ತಿ ಈ ಬಡಪಾಯಿಯ ಮೈಗೆ ಹಾಕಿ ನಾನು ಹಾಯಾಗಿ ಮಲಗಿದ್ದೆ.

"ಸುಳಿಯಲ್ಲಿ ಏನೂ ತಪ್ಪಿಲ್ಲ. ಕುದುರೆ ಬೇಡವಾಗಿತ್ತು, ಅದಕ್ಕೆ ನಾನೇ ಮಾವನ ಕೈಲಿ ಹಾಗೆ ಹೇಳಿಸಿದೆ" ಎಂದೆ.

ಆತ ನನ್ನನ್ನು ನೋಡಿ ಪಾಪ ಅನ್ನುವ ಹಾಗೆ ನಕ್ಕ. "ನನ್ ಸಮಾಧಾನುಕ್ಕೆ ಏಳ್ತಾ ಇದ್ದೀರಿ. ಯಜಮಾನ್ರು ಇಲ್ಲದ್ದ ಏಳೋರಾ?"

"ಏಳ್ಬುಟ್ಟೆ ಕಣಪ್ಪ. ತಪ್ಪಾಯ್ತು" ಎಂದರು ಮಾವ. ಆತ ಅದನ್ನೂ ನಂಬಲಿಲ್ಲ. ತಾನೇ ಹತ್ತಿ ತೋರಿಸುತ್ತೇನೆ ಎಂದು ಮಗಳು ಎದ್ದಳು. "ನೀನ್ ಮಗ, ನಿಂಗೇನ್ ಗೊತ್ತು" ಎಂದು ಅವಳ ಮಾತನ್ನು ತಳ್ಳಿಹಾಕಿದ. ಆಮೇಲೆ ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದ: "ಅಂಗಾರೆ ನೀವು ಅದ್ರ ಮೇಲೆ ಅತ್ತೀರಾ ಟೀಚರಮ್ಮ?"

ಹೂಂ ಎಂದು ಆತನನ್ನೂ ಕಾರಿಗೆ ಕೂರಿಸಿಕೊಂಡೆ. ಹರವೆಯಿಂದ ಬೇಗೂರಿನವರೆಗೆ ಮಗಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಕಾರು ಕೆಟ್ಟು ನಿಲ್ಲಬಾರದೇ ಅನ್ನಿಸುತ್ತಿತ್ತು.

ಕುದುರೆಯನ್ನು ದೂರದ ಬೇಲಿಗೆ ಕಟ್ಟಿದ್ದರು. ಜೂಲೆಲ್ಲ ಗಂಟುಗಂಟಾಗಿತ್ತು. ಆತನನ್ನು ಕಂಡು ನಿಜವಾಗಿಯೂ ಕೂಗಿತು. ಆತ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮಗಳೇ ಜೀನು ಬಿಗಿದಳು, ಕಲ್ಲಿನ ಬೆಂಚಿನ ಪಕ್ಕ ತಂದು ನಿಲ್ಲಿಸಿದಳು, ನನ್ನ ಎಡಗಾಲು ಹಿಡಿದು ರಿಕಾಪಿಗೆ ಇಟ್ಟಳು. ಹೇಗೆ ಮೇಲೆ ಬಂದೆನೋ ನೆನಪಿಲ್ಲ. ಕಾಲುಗಳ ನಡುವೆ ಒಂದು ದೊಡ್ಡ ಜೀವ ಉಸಿರಾಡುತ್ತಿತ್ತು, ನೆಲ ಎಲ್ಲೋ ಇತ್ತು. ಅದು ಒಂದು ಹೆಜ್ಜೆ ಇಟ್ಟದ್ದೇ ತಡ, ಜೂಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಬೇಲಿಯುದ್ದಕ್ಕೂ ಹೋಗಿ ತಿರುಗಿದೆವು. ಎರಡನೇ ಸುತ್ತಿಗೆ ಆತ ಹತ್ತಿರ ಬಂದ, ಮೂರನೇ ಸುತ್ತಿಗೆ ಅದರ ಕತ್ತಿನ ಮೇಲೆ ಕೈ ಇಟ್ಟು ಪಕ್ಕದಲ್ಲೇ ಕುಂಟುತ್ತ ನಡೆದ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಇನ್ನೊಂದು ಪಕ್ಕದಲ್ಲಿ ಹಗ್ಗ ಹಿಡಿದಿದ್ದ ಮಗಳು, "ಕೆಳಗೆ ನೋಡಬೇಡ. ಕುದುರೆಯ ಕಿವಿ ನೋಡು" ಎಂದಳು. ಹರವೆ ಬಿಟ್ಟ ಮೇಲೆ ನನ್ನೊಡನೆ ಅವಳು ಆಡಿದ ಮೊದಲ ಮಾತು.

"ನಂಗೆ ತುಂಬಾ ಭಯ ಆಗ್ತಿದೆ ಕಣೇ" ಎಂದೆ. ಅವಳು ಹುಟ್ಟಿದಾಗಿನಿಂದ ಈ ಮಾತನ್ನು ಅವಳಿಗೆ ಹೇಳಿರಲಿಲ್ಲ.

ಅವಳು ನಡೆಯುತ್ತಲೇ ಇದ್ದಳು, ತಲೆ ಎತ್ತಲಿಲ್ಲ. "ನಂಗೂ ಆಗುತ್ತೆ. ಬಿದ್ದ ದಿನದಿಂದ ಪ್ರತಿ ಸಲ ಹತ್ತುವಾಗಲೂ ಆಗುತ್ತೆ" ಎಂದಳು. "ಹೇಳಿದರೆ ನೀನು ನಿಲ್ಲಿಸಿಬಿಡ್ತೀಯಾ ಅಂತ ಹೇಳಿರಲಿಲ್ಲ."