ಆಡದೆ ಬರೆದ ‘ಪಾಸ್’

ನಾನು ಏನು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ಅಪ್ಪ ಉತ್ತರ ಕೊಡುತ್ತಿದ್ದರು. “ನಮ್ಮಾಕಿನೂ ಇನ್ಸ್‌ಪೆಕ್ಷನ್‌ನಾಗ ಅದಾಳ್ರಿ.” ಅಪ್ಪ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ಇದ್ದವರು. ಬಂದ ಬಿಡಿಭಾಗವನ್ನು ಅಳೆದು, ಸರಿಯಿದ್ದರೆ ತಮ್ಮ ನಂಬರಿನ ಮುದ್ರೆ ಹೊಡೆಯುವುದು ಅವರ ಕೆಲಸ. ಹಾಗಾಗಿ ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಇದ್ದದ್ದು ಎರಡೇ ಜಾತಿ, ಮಾಡುವವರು ಮತ್ತು ನೋಡುವವರು. ಮಗಳು ನೋಡುವವರ ಪೈಕಿ ಎಂಬುದು ಅವರಿಗೆ ಭಾರಿ ಹೆಮ್ಮೆ.

ನಾನೇ ಬಾಯಿ ಬಿಟ್ಟು ಮೊಬೈಲ್ ಗೇಮ್ ಟೆಸ್ಟ್ ಮಾಡುತ್ತೇನೆ ಎಂದರೆ ಮಾತು ಕೆಡುತ್ತಿತ್ತು. “ಅಂದ್ರ ಆಟಾ ಆಡಾಕ ಪಗಾರ ಕೊಡ್ತಾರೇನ?” ಎಂದು ವಿಜಯಪುರದ ನೆಂಟರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಪಕ್ಕದ ಮನೆಯ ತೆಲುಗು ಆಂಟಿಯ ಪ್ರಶ್ನೆಯೂ ಅದೇ, ಭಾಷೆ ಮಾತ್ರ ಬೇರೆ. ಹೌದು, ಕೊಡುತ್ತಾರೆ. ಆದರೆ ನಾನು ಆಟ ಆಡಿದ್ದು ಕೆಲಸಕ್ಕೆ ಸೇರಿದ ಮೊದಲ ಮೂರು ದಿನ.

ಆಮೇಲಿನದು ಬೇಲಿ. ನಮ್ಮದು ಹೊಲ ಮಾಡುವ ಆಟ. ಬೀಜ ಬಿತ್ತಬೇಕು, ನೀರು ಹಾಕಬೇಕು, ಬೆಳೆ ಕೊಯ್ಯಬೇಕು, ಎಮ್ಮೆ ಸಾಕಬೇಕು. ಆಡುವವರಿಗೆ ಅದು ಹೊಲ. ನನಗೆ ಅದರ ಸುತ್ತಲಿನ ಬೇಲಿ. ರೈತನ ಗೊಂಬೆಯನ್ನು ಬೇಲಿಯ ಉದ್ದಕ್ಕೂ ನಡೆಸಬೇಕು, ಹೆಜ್ಜೆ ಹೆಜ್ಜೆಗೂ ಬೇಲಿಗೆ ಡಿಕ್ಕಿ ಹೊಡೆಸಬೇಕು, ಎಲ್ಲಾದರೂ ಆಚೆ ನುಸುಳಿದರೆ ಬರೆಯಬೇಕು. ನುಸುಳದಿದ್ದರೆ ಹಾಳೆಯಲ್ಲಿ ಆ ಸಾಲಿನ ಮುಂದೆ ‘ಪಾಸ್’ ಎಂದು ಬರೆಯಬೇಕು. ಆಟ ಮಾಡುವ ತಂಡ ಒಂದು ಸಣ್ಣ ಬದಲಾವಣೆ ಮಾಡಿ ಹೊಸ ಪ್ರತಿ ಕಳಿಸಿದರೆ ಮತ್ತೆ ಮೊದಲಿನಿಂದ, ಅದೇ ಬೇಲಿ. ಒಮ್ಮೆ ಎಮ್ಮೆಯೊಂದು ಕೆರೆಯ ನೀರಿನ ಮೇಲೆ ನಡೆದುಹೋಯಿತು. ನಾನು ಚಿತ್ರ ಸಮೇತ ಬರೆದು ಕಳಿಸಿದೆ. ಒಂದು ವಾರ ಬಿಟ್ಟು ‘ಇರಲಿ, ನೋಡಲು ಚೆನ್ನಾಗಿದೆ’ ಎಂಬ ಉತ್ತರ ಬಂತು.

ಮೊದಮೊದಲು ತಪ್ಪು ಸಿಕ್ಕರೆ ಕುಣಿಯುವಷ್ಟು ಖುಷಿ ಆಗುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ. ಆಟದ ಹಿಂದಿನ ಸಂಗೀತ ಕಿವಿಗೆ ಬೀಳುವುದು ನಿಂತಿತು. ಒಂದು ದಿನ ಲಿಂಗಂಪಲ್ಲಿಯಿಂದ ಆಫೀಸಿಗೆ ಹೋಗುವ ಶೇರ್ ಆಟೋದಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಅವಳ ಸೆರಗು ಆಟೋದ ಕಂಬಿಯೊಳಗೆ ತೂರಿದೆಯೋ, ಹೊರಗೇ ಇದೆಯೋ ಎಂದು ನಾನು ದಾರಿಯುದ್ದಕ್ಕೂ ನೋಡುತ್ತಿದ್ದೆ. ಆಟದಲ್ಲಿ ಬಟ್ಟೆ ಹೀಗೆ ಗೋಡೆಯೊಳಗೆ ತೂರಿದರೆ ಅದೊಂದು ತಪ್ಪು. ಇಳಿದು ಲಿಫ್ಟಿನ ಹತ್ತಿರ ಹೋದ ಮೇಲೆ, ಆ ಹೆಂಗಸು ಅಳುತ್ತಿದ್ದಳು ಎಂಬುದು ಹೊಳೆಯಿತು. ಕಾಲಿಗೆ ಜೋಮು ಹಿಡಿದರೆ ಕೊಡವಿಕೊಳ್ಳಬಹುದು. ಇದು ಎಲ್ಲಿ ಹಿಡಿದಿದೆ ಎಂದೇ ನನಗೆ ತಿಳಿಯುತ್ತಿರಲಿಲ್ಲ.

ಅದೇ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು. ಅವ್ವ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು, ಮನೆಯಲ್ಲಿ ನಾವಿಬ್ಬರೇ. ಕಾಲು ಎರಡು ತಿಂಗಳಿಗೆ ಒಂದು ಹದಕ್ಕೆ ಬಂತು, ಕೈ ಬರಲಿಲ್ಲ. ಫಿಸಿಯೋಥೆರಪಿಗೆ ಬರುತ್ತಿದ್ದಾಕೆ ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಂಡಲು ಹೇಳಿದಳು. ಅಪ್ಪ ಅದನ್ನು ಹಿಂದುಮುಂದಾಗಿ ನೋಡಿ, “ಇದನ್ನ ಹಿಂಡಿದ್ರ ಏನ್ ಬರತೈತಿ?” ಎಂದು ಕೇಳಿ ಕಿಟಕಿಯಲ್ಲಿಟ್ಟರು. ಬೇರೆ ದಾರಿ ಕಾಣದೆ ಅವರ ಫೋನಿಗೆ ನಮ್ಮ ಆಟ ಹಾಕಿಕೊಟ್ಟೆ. ಬಲಗೈ ಬೆರಳಿನಿಂದಲೇ ಆಡಬೇಕು ಎಂಬುದೊಂದೇ ಕರಾರು.

ಆಟದಲ್ಲಿ ಒಂದು ಬಾವಿ ಇದೆ. ಬೆರಳನ್ನು ಪರದೆಯ ಕೆಳಗಿನಿಂದ ಮೇಲಕ್ಕೆ ಎಳೆದರೆ ಕೊಡ ಮೇಲೆ ಬರುತ್ತದೆ. ಅಪ್ಪ ಮೊದಲ ಕೊಡ ಸೇದಲು ಒಂದು ಇಡೀ ಬೆಳಗು ತೆಗೆದುಕೊಂಡರು. ಅರ್ಧಕ್ಕೆ ಬೆರಳು ಜಾರುತ್ತಿತ್ತು, ಕೊಡ ಕೆಳಗೆ ಬೀಳುತ್ತಿತ್ತು, ಇವರು ಬೈಯುತ್ತಿದ್ದರು. ಎರಡು ತಿಂಗಳಿಗೆ ಇಡೀ ಹೊಲಕ್ಕೆ ನೀರು ಹಾಯಿಸುವಷ್ಟಾದರು. ಆಟದ ಮೇಲೆ ಅವರ ತಪಾಸಣೆಯೂ ನಡೆದಿತ್ತು. “ಇದರಾಗ ಗೋವಿನಜೋಳ ಐತಿ, ಜೋಳ ಇಲ್ಲಲ್ಲ! ಯಾವ ಶಾಣ್ಯಾ ಮಾಡ್ಯಾನ ಇದನ್ನ?” ಏಳು ತಿಂಗಳಲ್ಲಿ ಅವರಿಗೆ ಹನ್ನೊಂದು ಎಮ್ಮೆ, ಎರಡು ಬಾವಿ, ಕಟ್ಟೆ ಕಟ್ಟಿದ ಒಂದು ಬೇವಿನ ಗಿಡ ಆಗಿದ್ದವು. ಚಹಾದ ಕಪ್ಪನ್ನು ಬಲಗೈಯಲ್ಲೇ ಹಿಡಿಯುತ್ತಿದ್ದರು, ಅದು ನಡುಗಿದರೂ. ಆಫೀಸಿನಲ್ಲಿ ನಾನು ಸತ್ತುಹೋಗುವಷ್ಟು ಬೇಸರಪಟ್ಟ ಅದೇ ಹೊಲದಲ್ಲಿ ಅಪ್ಪ ಬದುಕು ಮಾಡುತ್ತಿದ್ದರು.

ಈಗ ಬ್ಯಾಟರಿಯ ಸಾಲಿನ ಮಾತು. ನಮ್ಮ ಹಾಳೆಯಲ್ಲಿ ಒಂದು ಪರೀಕ್ಷೆ ಇತ್ತು. ಆಟ ಅಲ್ಲಿಯವರೆಗಿನದನ್ನು ಸೇವ್ ಮಾಡಿ ಉಳಿಸಿಕೊಳ್ಳುತ್ತಿರುವ ಗಳಿಗೆಯಲ್ಲೇ ಫೋನಿನ ಬ್ಯಾಟರಿ ಮುಗಿದು ಫೋನ್ ಆರಿಹೋದರೆ, ಮತ್ತೆ ಹಚ್ಚಿದಾಗ ಹೊಲ ಇದ್ದಂತೆ ಇರಬೇಕು. ಇದನ್ನು ನೋಡಬೇಕಾದರೆ ಫೋನನ್ನು ನಿಜಕ್ಕೂ ಖಾಲಿ ಮಾಡಬೇಕು. ಬೆಳಕು ಪೂರ್ತಿ ಏರಿಸಿ, ಟಾರ್ಚ್ ಹಚ್ಚಿಟ್ಟು, ವಿಡಿಯೋ ಓಡಿಸಿದರೂ ಎರಡು ತಾಸು ಬೇಕು. ಅಂಥ ಐದು ಫೋನು. ಮೊದಲ ಹತ್ತಿಪ್ಪತ್ತು ಸಲ ಶ್ರದ್ಧೆಯಿಂದ ಮಾಡಿದೆ, ಪ್ರತಿ ಸಲವೂ ಪಾಸ್. ಒಂದು ಶುಕ್ರವಾರ ಎಲ್ಲ ಸಾಲು ಮುಗಿದು ಅದೊಂದೇ ಉಳಿದಿತ್ತು. ನಮ್ಮ ಟೀಮ್ ಲೀಡ್ ತನ್ನ ಬ್ಯಾಗ್ ಹೆಗಲಿಗೇರಿಸಿಕೊಂಡು, “ಅಯಿಪೋಯಿಂದಾ?” ಎಂದು ತೆಲುಗಿನಲ್ಲಿ ಮುಗಿಯಿತೇ ಅಂತ ಕೇಳಿದಳು. ನಾನು ಹೂಂ ಎಂದು ‘ಪಾಸ್’ ಬರೆದೆ. ಎದೆ ಬಡಿದುಕೊಳ್ಳಲಿಲ್ಲ, ಏನೂ ಆಗಲಿಲ್ಲ. ಮುಂದಿನ ಪ್ರತಿಗೂ ಹಾಗೇ ಬರೆದೆ. ಅದರ ಮುಂದಿನದಕ್ಕೂ. ಐದನೆಯ ಸಲದ ಪ್ರತಿಯ ಜೊತೆ ಬಂದ ಟಿಪ್ಪಣಿಯಲ್ಲಿ ಆಟ ಉಳಿಸುವ ವಿಧಾನ ಬದಲಾಗಿದೆ ಎಂದು ಬರೆದಿತ್ತು. ಅದನ್ನೂ ಓದಿದೆ, ಕಣ್ಣಿನಿಂದ ಮಾತ್ರ.

ಆ ಪ್ರತಿ ಜನರ ಕೈ ಸೇರಿದ ಮೇಲೆ ದೂರುಗಳು ಬರತೊಡಗಿದವು. ಎಲ್ಲವೂ ಒಂದೇ ನಮೂನೆ: ಫೋನ್ ಆರಿತು, ಹಚ್ಚಿದರೆ ಹೊಲ ಇಲ್ಲ. ಮೂರು ದಿನಗಳಲ್ಲಿ ತಂಡದವರು ತಪ್ಪು ತಿದ್ದಿದರು. ಹೋದ ಹೊಲಗಳು ಹೋದವು. ಒಂದು ಮೀಟಿಂಗ್ ಆಯಿತು. ನನ್ನ ಸಾಲನ್ನು ನೋಡಿದ ಲೀಡ್, ನಿನ್ನ ಫೋನುಗಳಲ್ಲಿ ಸರಿಯಿದ್ದಿರಬೇಕು, ಬೇರೆ ಫೋನುಗಳ ತೊಂದರೆ ಇರಬೇಕು ಎಂದಳು. ನಾನು ಇರಬೇಕು ಎಂದೆ. ಮೀಟಿಂಗ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಎರಡು ಉಪ್ಪಿಟ್ಟು ತಿಂದೆ, ಒಂದು ಸಾಲದೆ.

ಇಷ್ಟರಲ್ಲಿ ಅಪ್ಪ ಆಡುವುದನ್ನು ಬಿಟ್ಟಿದ್ದರು. ಅದನ್ನು ಗಮನಿಸಲು ನನಗೆ ನಾಲ್ಕು ದಿನ ಬೇಕಾಯಿತು. ಚಹಾ ಎಡಗೈಗೆ ಬಂದಿತ್ತು. ಬಲಗೈ ಶಾಲಿನೊಳಗೆ ಇತ್ತು, ಬೇಸಿಗೆಯಲ್ಲಿ. ಫೋನು ಎಲ್ಲಿ ಎಂದರೆ “ಐತಿ ಅಲ್ಲೆ” ಎಂದರು. ತೆಗೆದು ನೋಡಿದೆ. ಖಾಲಿ ನೆಲ, ಒಂದು ಗುದ್ದಲಿ, ಒಂದು ಬೀಜದ ಚೀಲ, ಮೇಲೆ ‘ನಿಮ್ಮ ಹೊಸ ಹೊಲಕ್ಕೆ ಸ್ವಾಗತ’. ಅಪ್ಪ ಬ್ಯಾಟರಿ ಪೂರ್ತಿ ಇಳಿದು ಫೋನ್ ತಾನಾಗಿ ಆರುವವರೆಗೂ ಚಾರ್ಜಿಗೆ ಹಾಕುತ್ತಿರಲಿಲ್ಲ, ಇಲ್ಲದಿದ್ದರೆ ಬ್ಯಾಟರಿ ಉಬ್ಬುತ್ತದೆ ಎಂದು ಯಾರೋ ಹೇಳಿದ್ದರು. ಕಂಪನಿಯವರು ಕ್ಷಮೆ ಕೇಳಿ ಐನೂರು ವಜ್ರ ಕಳಿಸಿದ್ದರು, ಆಟದೊಳಗಿನ ವಜ್ರ.

“ಅಪ್ಪಾ, ಇದು ಯಾವಾಗ ಹಿಂಗಾತ್ರಿ?”

“ನಾನs ಕೆಡಿಸಿದೆ. ಈ ಕೈ ನನ್ನ ಮಾತು ಕೇಳಂಗಿಲ್ಲವ್ವಾ. ಎಲ್ಲೋ ಒತ್ತಿ ಎಲ್ಲಾ ಅಳಿಸಿಬಿಟ್ಟಿತು.”

“ನಿಮ್ಮ ಕೈ ಅಲ್ರಿ ಅದು. ಕಂಪನಿದು ತಪ್ಪು. ಭಾಳ ಮಂದಿದು ಹಿಂಗ ಹೋಗೇತಿ. ಅದಕ್ಕs ವಜ್ರ ಕೊಟ್ಟಾರ ನೋಡ್ರಿ.”

“ವಜ್ರ ತಗೊಂಡು ಏನ್ ಮಾಡ್ಲಿ, ಎಮ್ಮಿ ಹೋದ್ವಲ್ಲ.” ಆಮೇಲೆ, “ನನ್ನ ಸಮಾಧಾನಕ್ಕ ಹೇಳಬ್ಯಾಡ. ತಪ್ಪಿದ್ರ ನೀ ಬಿಡ್ತಿದ್ದೇನು? ನೀ ನೋಡಿ ಪಾಸ್ ಮಾಡಿದ್ದು ಐತಿ ಅದು. ಕೈದs ತಪ್ಪು,” ಎಂದರು.

ನಾನು ಅಲ್ಲೇ ಸಿಕ್ಕಿಹಾಕಿಕೊಂಡೆ. ಅವರು ನನ್ನನ್ನು ನಂಬಿದ್ದರು, ಅದಕ್ಕೇ ತಮ್ಮ ಕೈಯನ್ನು ನಂಬುತ್ತಿರಲಿಲ್ಲ. ಎರಡನ್ನೂ ಉಳಿಸುವ ಸುಳ್ಳೊಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಹೇಳಿಬಿಡುತ್ತಿದ್ದೆ, ಅದರಲ್ಲಿ ಅನುಮಾನ ಬೇಡ.

“ನಾ ನೋಡ್ಲಿಲ್ರಿ ಅಪ್ಪಾ.”

“ಅಂದ್ರ?”

“ಫೋನ್ ಆರಿಸಿ ನೋಡೋದಿತ್ತು. ಎರಡು ತಾಸು ಹಿಡೀತೈತಿ ಅಂತ ನೋಡಲಾರದs ಪಾಸ್ ಅಂತ ಬರದೆ.”

“ಎಷ್ಟು ಸಲ?”

“ಐದು.”

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನುವಷ್ಟು ಕೂಡ ನನಗೆ ಆಗ ಅನಿಸಲಿಲ್ಲ. ಶಾಲಿನಿಂದ ಬಲಗೈ ಹೊರಗೆ ತೆಗೆದು ತಿರುಗಿಸಿ ನೋಡಿದರು. “ಹಂಗಾದ್ರ ಇದರ ತಪ್ಪಿಲ್ಲ,” ಎಂದರು. “ಇಲ್ರಿ,” ಎಂದೆ. ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ಮೊದಲ ಮಡಿಯಿಂದ ಶುರು ಮಾಡಿದರು. ಚಹಾದ ಕಪ್ಪು ಮತ್ತೆ ಬಲಗೈಗೆ ಬಂತು. ಸದ್ಯ, ಒಂದು ಮುಗಿಯಿತು ಎಂದುಕೊಂಡೆ.

ಅಪ್ಪನ ಗುಳಿಗೆಗಳಿಗೆ ಏಳು ಖಾನೆಯ ಒಂದು ಡಬ್ಬಿ ಇದೆ, ವಾರದ ಒಂದೊಂದು ದಿನಕ್ಕೆ ಒಂದೊಂದು ಖಾನೆ. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಪ್ರತಿ ರವಿವಾರ ಬೆಳಿಗ್ಗೆ ನಾನು ತುಂಬಿಡುತ್ತೇನೆ: ಬಿಪಿಯದು, ಕೊಲೆಸ್ಟ್ರಾಲ್‌ನದು, ಮತ್ತೆ ಲಕ್ವಾ ಬರದಂತೆ ರಕ್ತ ತೆಳುವಾಗಿಡುವುದು. ಅಪ್ಪ ಅವತ್ತಿನ ಖಾನೆ ತೆಗೆದು, ಒಳಗೆ ಏನಿದೆ ಎಂದು ನೋಡದೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಒಪ್ಪಿಕೊಂಡ ವಾರದ ರವಿವಾರ, ಡಬ್ಬಿ ತುಂಬಿ ಮುಚ್ಚಳ ಹಾಕುವಷ್ಟರಲ್ಲಿ, “ಇಲ್ಲೆ ಕೊಡು,” ಎಂದರು. ಚಷ್ಮಾ ಹಾಕಿಕೊಂಡರು. ಡಾಕ್ಟರ ಚೀಟಿ ಮುಂದಿಟ್ಟುಕೊಂಡು ಒಂದೊಂದೇ ಖಾನೆ ತೆರೆದು, ಗುಳಿಗೆಯನ್ನು ಅಂಗೈಗೆ ಸುರಿದು, ಬಣ್ಣ ನೋಡಿ, ತಿರುಗಿ ಹಾಕಿದರು. ಅರ್ಧ ತಾಸು ಆಯಿತು. ಮುಖದಲ್ಲಿ ಸಿಟ್ಟಿರಲಿಲ್ಲ. ಕೆಲಸಕ್ಕೆ ಕೂತ ಮನುಷ್ಯನ ಮುಖ ಅದು, ನಾನು ಎದುರಿಗೆ ನಿಂತಿದ್ದೆ. ಅಂದಿನಿಂದ ಪ್ರತಿ ರವಿವಾರವೂ ಹೀಗೇ ನಡೆಯಿತು. ಮೊದಲ ಸಲ ನನಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ಅವರು ನೋಡುತ್ತಿರುವಾಗ ನಾನು ಇಡ್ಲಿಗೆ ಇಡುವ ಕೆಲಸ ನೋಡಿಕೊಂಡೆ.

ಒಂಬತ್ತನೆಯದೋ ಹತ್ತನೆಯದೋ ರವಿವಾರ ಅಡುಗೆಮನೆಗೆ ಅವರ ದನಿ ಕೇಳಿತು. “ಗುರುವಾರದ್ದು ಇಲ್ಲ.”

ಬಂದು ನೋಡಿದೆ. ಗುರುವಾರದ ಖಾನೆಯಲ್ಲಿ ಎರಡೇ ಗುಳಿಗೆ, ರಕ್ತ ತೆಳುವಾಗಿಡುವುದು ಇಲ್ಲ. ಬರೀ ಅರ್ಧ ತಾಸಿನ ಹಿಂದೆ ನನ್ನ ಕೈಯಾರೆ ತುಂಬಿದ ಡಬ್ಬಿ ಅದು. ಯಾರಾದರೂ ಕೇಳಿದ್ದರೆ ಹಾಕಿದ್ದೇನೆ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಅಪ್ಪ ಗುಳಿಗೆಯ ಸ್ಟ್ರಿಪ್‌ನಿಂದ ಒಂದನ್ನು ಬಲಗೈ ಹೆಬ್ಬೆರಳಿನಿಂದ ಒತ್ತಿ ತೆಗೆದು ಖಾನೆಗೆ ಹಾಕಿ ಶುಕ್ರವಾರಕ್ಕೆ ಹೋದರು.

ಆಗ ನನಗೆ ಹೆದರಿಕೆಯಾಯಿತು. ಎಷ್ಟೋ ದಿನಗಳಿಂದ ಏನೂ ಆಗದವಳಿಗೆ ಒಮ್ಮೆಲೇ ಹೆದರಿಕೆ. ಅಪ್ಪ ನೋಡಲು ಶುರು ಮಾಡುವುದಕ್ಕೆ ಮುಂಚೆ ಒಂಬತ್ತು ತಿಂಗಳು, ಪ್ರತಿ ರವಿವಾರ, ಆ ಡಬ್ಬಿಯನ್ನು ನಾನೊಬ್ಬಳೇ ತುಂಬಿದ್ದೆ. ಅದರಲ್ಲಿ ಎಷ್ಟು ಗುರುವಾರಗಳು ಖಾಲಿ ಹೋಗಿದ್ದವೋ ತಿಳಿಯುವ ದಾರಿ ಇಲ್ಲ. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡು ಅತ್ತೆ.

“ಇನ್ನ ಮ್ಯಾಲೆ ನೀವs ತುಂಬ್ರಿ ಅಪ್ಪಾ. ನನ್ನ ಕಡೆ ಬ್ಯಾಡ.”

ಅಪ್ಪ ಶನಿವಾರದ ಖಾನೆ ಮುಚ್ಚಿ, ಚಷ್ಮಾ ತೆಗೆದು ಚೀಟಿಯ ಮೇಲಿಟ್ಟರು.

“ನೀನs ತುಂಬು,” ಎಂದರು. “ನಾ ನೋಡ್ತೀನಿ.”