ಜೋಡಿ ಎಳೆಗೆ ಕೂತ ಗಾಜು

ಎಂಬತ್ತರ ದಶಕದ ಆರಂಭದಲ್ಲಿ ನಾನು ತುಮಕೂರಿನ ಒಂದು ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸದಲ್ಲಿದ್ದೆ. ಆಗಲೇ ಗುಬ್ಬಿಯಲ್ಲಿ ನನ್ನ ಹೆಂಡತಿಯ ತವರುಮನೆಯ ಮುಂಭಾಗವನ್ನು ಕೆಡವಿ ತಾರಸಿ ಹಾಕಿಸಿದ್ದು. ಹಳೆಯ ಬಾಗಿಲ ಮೇಲಿದ್ದ ಬಣ್ಣದ ಗಾಜುಗಳನ್ನು ಅವಳ ಅಣ್ಣ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದುಕೊಟ್ಟರು. ನಾಲ್ಕು ಕೆಂಪು, ನಾಲ್ಕು ನೀಲಿ, ಒಂದೇ ಒಂದು ಹಳದಿ. ಅಂಥ ಬಣ್ಣ ನಮ್ಮೂರಿನ ಗಾಜಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಒಂದು ಒಡೆದರೆ ಮತ್ತೊಂದಿಲ್ಲ.

ಅವನ್ನು ಜೋಡಿಸಿ ನಡುಮನೆಯ ಕಿಟಕಿಗೆ ಕೂರಿಸಬೇಕೆಂಬುದು ಅವಳ ಹಟ.

"ಬೀಡಾ ಅಂಗಡಿ ಥರ ಕಾಣ್ಸುತ್ತೆ ಕಣೇ," ಎಂದರು ಅಣ್ಣ.

"ಕಾಣ್ಲಿ ಬಿಡಣ್ಣ. ಬಂದಾಗೆಲ್ಲ ನಿನಗೊಂದು ಬೀಡಾ ಕೊಡ್ತೀನಿ."

ಪ್ರೆಸ್ಸಿನಿಂದ ತಂದ ಹಾಳೆಯನ್ನು ಕಿಟಕಿಯ ಅಳತೆಗೆ ಕತ್ತರಿಸಿ ನೆಲಕ್ಕೆ ಹಾಸಿದೆ. ಅವಳು ಚುಕ್ಕಿಯಿಟ್ಟು ಪೆನ್ಸಿಲಿನಲ್ಲಿ ರಂಗೋಲಿ ಬರೆದಳು. ನಡುವೆ ಹಳದಿ, ಸುತ್ತ ಕೆಂಪು ಎಸಳು, ಮೂಲೆಗಳಿಗೆ ನೀಲಿ. ಗಾಜು ಕೊಯ್ಯಲು ಸುಲಭವಾಗಲೆಂದು ಗೆರೆಗಳೆಲ್ಲ ನೇರ.

ಕುಣಿಗಲ್ ಕಡೆಯ ಬಡಗಿಯೊಬ್ಬರು ಕಟರ್ ಹಿಡಿದು ಬಂದರು. ಹಾಳೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಗಾಜು ಮುಟ್ಟಲಿಲ್ಲ.

"ಚೆನ್ನಾಗೈತೆ ಅಮ್ಮಾವ್ರೆ. ಮರದ ಪಟ್ಟಿ ಎಲ್ಲಿ ಕೂರ್ತದೆ?"

ಎರಡು ಗಾಜುಗಳ ನಡುವೆ ಒಂದು ಪಟ್ಟಿ ಬರಬೇಕು. ನಮ್ಮ ಗೆರೆಗಳಿಗೆ ದಪ್ಪವೇ ಇರಲಿಲ್ಲ. ಹಾಗೇ ಕೊಯ್ದರೆ ಒಂದು ತುಂಡೂ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ.

"ಆಮ್ಯಾಕೆ ಸುತ್ತ ಸವರ್ಬೇಕು, ಸವರಿದ್ರೆ ಒಡೀತವೆ. ನಾಕು ಕೆಂಪ್ನಾಗೆ ಎರಡು ಉಳಿದ್ರೆ ಪುಣ್ಯ," ಎಂದರು ಬಡಗಿ.

ಪ್ರತಿದಿನ ಕಾಲಂಗಳ ನಡುವೆ ಜಾಗ ಬಿಡುವುದೇ ನನ್ನ ಕೆಲಸ. ಹೆಂಡತಿ ನನ್ನ ಮುಖ ನೋಡಿದಳು. "ದಿನಾ ಪೇಪರ್ ಕಟ್ತೀರಲ್ಲ, ಇದು ಕಾಣ್ಲಿಲ್ವಾ?"

ನಾನು ಸ್ಕೇಲು ಹಿಡಿದು ಪ್ರತಿ ತುಂಡಿನ ಅಳತೆ ತಗ್ಗಿಸಲು ಹೊರಟೆ. ಓರೆ ಗೆರೆಗಳಲ್ಲಿ ಎರಡು ಸಲ ತಪ್ಪಿದೆ. ಅಷ್ಟರಲ್ಲಿ ಅವಳು ರಂಗೋಲಿ ಡಬ್ಬಿ ತಂದು ಹೊಸ ಹಾಳೆ ಹಾಸಿದ್ದಳು. ಹಬ್ಬದ ದಿನ ಅವರ ಮನೆಯಲ್ಲಿ ಒಂಟಿ ಎಳೆ ಹಾಕುವುದಿಲ್ಲ. ಬೆರಳುಗಳ ಸಂದಿಯಿಂದ ಒಂದೇ ಸಲಕ್ಕೆ ಎರಡು ಎಳೆ ಇಳಿಸುತ್ತಾರೆ. ಚುಕ್ಕಿಯಿಂದ ಚುಕ್ಕಿಗೆ ಅವಳ ಕೈ ಹಾಗೇ ಹೋಯಿತು. ಎರಡು ಎಳೆಗಳ ನಡುವೆ ಎಲ್ಲೆಲ್ಲೂ ಒಂದೇ ಅಂತರ.

ಬಡಗಿ ಆ ಅಂತರಕ್ಕೆ ಒಂದು ಕಡ್ಡಿ ಇಟ್ಟು ನೋಡಿದರು. ಮೂರು ಕಡೆ ಇಟ್ಟರು. "ಇಷ್ಟೇ ದಪ್ಪಕ್ಕೆ ಹತ್ರಿ ಹಾಕಿ ಪಟ್ಟಿ ಉಜ್ತೀನಿ. ಸ್ವಾಮಿ, ನೀವು ಎಳೆ ಮೇಲೆ ಪೆನ್ಸಿಲ್ ಎಳೀರಿ."

ನಾನು ಎಳೆದೆ. ಅವರು ಗಾಜು ಕೊಯ್ದು ಪಟ್ಟಿಗಳಿಗೆ ಜೋಡಿಸಿದರು. ಒಂದು ನೀಲಿ ಗಾಜಿನ ಮೂಲೆ ಚೂರು ಮುಕ್ಕಾಯಿತು, ಅದು ಪಟ್ಟಿಯೊಳಗೆ ಮುಚ್ಚಿಹೋಯಿತು. ಕೆಂಪು ನಾಲ್ಕೂ ಉಳಿದವು. ಕೊನೆಗೆ ಹಳದಿಯನ್ನು ಅವಳೇ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಸವರುವ ಅಗತ್ಯವೇ ಬೀಳದೆ ಕೂತಿತು.

ಬಡಗಿ ಹೊರಡುವಾಗ ಹಾಳೆಯನ್ನು ಮಡಿಸತೊಡಗಿದರು. "ಕುಣಿಗಲ್ನಾಗೆ ಒಂದು ಮನೆ ಕೆಲಸ ಐತೆ, ಅಮ್ಮಾವ್ರೆ. ಇದನ್ನ ತಗೊಂಡೋಗ್ಲಾ?"

"ಇದು ನಮ್ಮನೇದು. ಅವ್ರ ಕಿಟಕಿ ಅಳತೆ ತಗೊಂಡ್ ಬನ್ನಿ," ಎಂದಳು ಅವಳು. "ಅವ್ರಿಗೆ ಬೇರೆ ಬರ್ಕೊಡ್ತೀನಿ."