ಒಳಗೆ ಕಡಿಮೆ ಬಿದ್ದ ಐದಡಿ

ಡಾಟ್‌ಕಾಮ್ ಕಂಪನಿಗಳು ಬೀದಿಗೊಂದರಂತೆ ಹುಟ್ಟುತ್ತಿದ್ದ ಕಾಲ. ಪಾಲೋ ಆಲ್ಟೋದ ಅಂಥದೊಂದು ಸಣ್ಣ ಕಂಪನಿಯಲ್ಲಿ ನಾನು ಹಳೆಯ ಮನೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೆ. ರಜೆಗೆ ಮನೆ ಬಾಡಿಗೆ ಹಿಡಿಯುವವರು ಪರದೆಯ ಮೇಲೆಯೇ ಅದರೊಳಗೆ ಓಡಾಡಿ ನೋಡಬಹುದಿತ್ತು.

ಒಮ್ಮೆ ಇಂಗ್ಲೆಂಡಿನ ಹಳ್ಳಿಯೊಂದರಿಂದ ರೈತರ ಹಳೆಯ ಕಲ್ಲುಮನೆಯ ನಕ್ಷೆ, ಫೋಟೊಗಳು ಬಂದವು. ಎರಡೂವರೆ ಅಡಿ ದಪ್ಪದ ಗೋಡೆ. ಸೂರಿಗೂ ತೆಳುವಾಗಿ ಸೀಳಿದ ಕಲ್ಲೇ. ಅಡುಗೆಮನೆಗೂ ದನದ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಒಲೆಯ ಹೊಗೆ ಹೋಗುವ ಚಿಮಣಿಯನ್ನು ಸುತ್ತಿಕೊಂಡು ಮೇಲೇರುವ ಮೆಟ್ಟಿಲುಗಳು ತುಳಿದು ತುಳಿದು ತಗ್ಗಾಗಿದ್ದವು.

ಕಟ್ಟುತ್ತ ಹೋದಂತೆ ಮಹಡಿಯ ಅಳತೆ ಕೂಡಲಿಲ್ಲ. ಗೋಡೆಗಳ ದಪ್ಪ ಕಳೆದರೂ ಚಿಮಣಿಯ ಕಡೆ, ಹೊರಗಿನ ಉದ್ದಕ್ಕಿಂತ ಒಳಗೆ ಐದಡಿ ಕಡಿಮೆ.

ಪಕ್ಕದ ಡೆಸ್ಕಿನ ಮೈಸೂರಿನವರು ಇಣುಕಿ, "ಆ ಕಡೆ ಗೋಡೇನ ದಪ್ಪ ಮಾಡ್ಬಿಡಿ ಮೇಡಂ. ಟೇಪು ಹಿಡ್ಕೊಂಡು ಯಾರು ಚೆಕ್ ಮಾಡ್ತಾರೆ? ಶುಕ್ರವಾರ ಡೆಮೋ ಇದೆ" ಎಂದರು.

ಹಾಗೇ ಮಾಡುವವಳಿದ್ದೆ. ಆದರೆ ಹೊರಗಿನಿಂದ ತೆಗೆದ ಫೋಟೊ ಒಂದರಲ್ಲಿ ಆ ಗೋಡೆಯ ಮೇಲ್ಭಾಗದಲ್ಲಿ ಪುಟ್ಟ ಕಿಟಕಿಯೊಂದು ಕಂಡಿತು. ಒಳಗಿನ ಯಾವ ಕೋಣೆಗೂ ಅಂಥ ಕಿಟಕಿ ಇರಲಿಲ್ಲ. ಅಂದು ಸಂಜೆ ಫಾಸ್ಟರ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಟೊಳ್ಳು ಗೋಡೆಗಳನ್ನು ತಟ್ಟುತ್ತ ನಿಂತಿದ್ದೆ. "ಏನೇ ಹುಡುಕ್ತಿದ್ದೀಯಾ?" ಎಂದು ಗಂಡ ಕೇಳಿದ.

ಮರುದಿನ ಬೆಳಿಗ್ಗೆ ಮನೆಯ ಒಡತಿಗೆ ಫೋನ್ ಮಾಡಿದೆ. ಅದೇ ಮನೆಯಲ್ಲಿ ಹುಟ್ಟಿ ಬೆಳೆದ ವೃದ್ಧೆ. ಕಿಟಕಿಯ ಮಾತೆತ್ತಿದೆ.

"ಅದು ನನ್ನ ತಂಗಿಯ ಕೋಣೆ," ಎಂದರು. "ಜ್ವರದಲ್ಲಿ ಹೋದಳು. ಅಪ್ಪ ಬಾಗಿಲಿಗೆ ಕಲ್ಲು ಕಟ್ಟಿಬಿಟ್ಟರು. ಕಿಟಕಿಯನ್ನೂ ಮುಚ್ಚಲು ಹೊರಟಾಗ ಅಮ್ಮ ಬಿಡಲಿಲ್ಲ. 'ಅವಳಿಗೆ ಕತ್ತಲೆಂದರೆ ಭಯ' ಎಂದರು." ಆಮೇಲೆ ಕೇಳಿದರು, "ನಿಮ್ಮ ಅಳತೆಯಲ್ಲಿ ಅದು ಎಷ್ಟು ದೊಡ್ಡದಿದೆ?"

"ಐದಡಿ ಅಗಲ, ಹತ್ತಡಿ ಉದ್ದ."

"ಅಷ್ಟೇನಾ? ನಾವಿಬ್ಬರೂ ಅಲ್ಲಿ ಓಡಿ ಆಡುತ್ತಿದ್ದೆವು."

ತನಗೊಬ್ಬಳಿಗೇ ಅದನ್ನು ತೋರಿಸಲಾದೀತೇ ಎಂದರು. ಊಟದ ಬಿಡುವುಗಳಲ್ಲಿ ಕುಳಿತು ಆ ಕೋಣೆ ಕಟ್ಟಿದೆ. ಕಿಟಕಿಯ ಕೆಳಗೆ ಮಂಚ ಹಾಕಿ ಬೆಳಕು ಬಿಟ್ಟೆ. ಬೆಳಕು ಬಿದ್ದೊಡನೆ ಹಾಸಿಗೆಯ ನಡುವೆ, ಯಾರೋ ಮಲಗಿ ಎದ್ದಂತೆ, ಸಣ್ಣ ತಗ್ಗು ಕಂಡಿತು. ನಾನು ಅಂಥ ತಗ್ಗನ್ನು ಮಾಡಿರಲಿಲ್ಲ. ಮೌಸಿನಿಂದ ಕೈ ತೆಗೆದೆ. ಆಮೇಲೆ ಹಾಗೇ ಪ್ರಿಂಟು ತೆಗೆದು, ಲಕೋಟೆಯ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ವಿಳಾಸ ಬರೆದು ಅವರಿಗೆ ಅಂಚೆಗೆ ಹಾಕಿದೆ. ಡೆಮೋದಲ್ಲಿ ಆ ಕಡೆ ದಪ್ಪ ಗೋಡೆಯೇ ಇತ್ತು. ಯಾರೂ ಏನೂ ಕೇಳಲಿಲ್ಲ.

ಆ ವೃದ್ಧೆಯ ಉತ್ತರ ಬರುವ ಹೊತ್ತಿಗೆ ಕಂಪನಿ ಮುಚ್ಚಿತ್ತು. ಕಂಪ್ಯೂಟರುಗಳನ್ನೆಲ್ಲ ಟ್ರಕ್ಕಿಗೆ ತುಂಬಿಕೊಂಡು ಹೋಗಿದ್ದರು. ನಡುಗುವ ಅಕ್ಷರಗಳಲ್ಲಿ ಆಕೆ ಹೀಗೆ ಬರೆದಿದ್ದರು: "ಎಲ್ಲ ಹಾಗೆಯೇ ಇದೆ. ಮಂಚ ಮಾತ್ರ ಚಿಮಣಿಯ ಮಗ್ಗುಲಿಗಿತ್ತು. ಅವಳಿಗೆ ಚಳಿ ತಡೆಯುತ್ತಿರಲಿಲ್ಲ. ದಯವಿಟ್ಟು ಸರಿಸಿ."

ಸರಿಸಲು ಆ ಮನೆ ನನ್ನ ಬಳಿ ಉಳಿದಿರಲಿಲ್ಲ. ಹಾಗೆಂದು ತಿಳಿಸಲು ಎರಡು ಸಲ ಕೂತೆ, ಆಗಲಿಲ್ಲ. ಮಂಚ ಸರಿಸಿದ್ದೇನೆ ಎಂದು ಬರೆದೆ.